ಗಾಜಿನ ಪೆಟ್ಟಿಗೆಗೆ ಜ್ವರ

ಗಂಗಾವತಿ
2-2-1999

ಶಾಂತಕ್ಕನವರಿಗೆ ಫಕ್ರುದ್ದೀನನ ಸಲಾಮುಗಳು.

ಬಣ್ಣದ ಮೀನಿನ ದುಕಾನು ಶುರುವಾಯಿತು. ಬೋರ್ಡಿನ ಬಣ್ಣ ಇನ್ನೂ ಒಣಗಿಲ್ಲ, ಆಗಲೇ ಇಬ್ಬರು ಗಪ್ಪಿ ಮೀನು ಒಯ್ದರು. ಕುಷ್ಟಗಿ ಬಸ್‌ಸ್ಟ್ಯಾಂಡಿನ ಎದುರು ಮೀನು ಮಾರುತ್ತ ಕೂತಿದ್ದಾಗ ಬಂದವರೆಲ್ಲ ‘ಇವನ್ನ ತಿಂತಾರೇನ್ರಿ?’ ಎಂದು ಕೇಳಿ ಹೋಗುತ್ತಿದ್ದರು. ನೀವೊಬ್ಬರೇ ದವಾಖಾನೆ ಡ್ಯೂಟಿ ಮುಗಿಸಿ ಬಂದು, ಚಪ್ಪಲಿ ಬಿಟ್ಟು, ಗಾಜಿನ ಮುಂದೆ ಸುಮ್ಮನೆ ಕೂಡುತ್ತಿದ್ದವರು.

ಅದಕ್ಕೇ ಆ ದೊಡ್ಡ ಪೆಟ್ಟಿಗೆಯನ್ನು ನಿಮ್ಮ ಕ್ವಾರ್ಟರ್ಸಿನ ಕಲ್ಲಿನ ಕಟ್ಟೆಯ ಮೇಲೆ ಇಟ್ಟು ಬಂದೆ. ಟ್ರ್ಯಾಕ್ಟರಿನಲ್ಲಿ ಹೇರಿದ್ದರೆ ಕನಕಗಿರಿ ದಾಟುವಷ್ಟರಲ್ಲಿ ಗಾಜು ಚೂರಾಗುತ್ತಿತ್ತು. ಅದರಲ್ಲಿ ನೀರೊಳಗೇ ಬೆಳೆಯುವ, ಅಲೆ ಅಲೆ ಎಲೆಯ ಒಂದು ನೀರಗಡ್ಡೆ ಇದೆ ನೋಡಿ, ಅದನ್ನು ಮದ್ರಾಸಿನಿಂದ ತರಿಸಿದ್ದು. ಜೊತೆಗೆ ಬಂದವು ಕೊಳೆತು ಹೋದವು, ಉಳಿದದ್ದು ಅದೊಂದೇ. ಅದು ನೀರಿನ ಮೇಲೆ ಹೂವಿನ ಕಡ್ಡಿ ಎತ್ತಿ ಬೀಜ ಕಟ್ಟಿದರೆ ನಾನೇ ಸಸಿ ಮಾಡಿ ಮಾರಬಹುದು.

ಉಸುಕಿನ ಕೆಳಗೆ ಒಂದು ತಂತಿಯನ್ನು ಸುರುಳಿಯಾಗಿ ಹಾಸಿದ್ದೇನೆ. ಕರೆಂಟು ಕೊಟ್ಟರೆ ಅದು ಸ್ವಲ್ಪವೇ ಬೆಚ್ಚಗಾಗುತ್ತದೆ. ಬೆಚ್ಚಗಾದ ನೀರು ಉಸುಕಿನೊಳಗಿಂದ ಮೇಲೇರುತ್ತದೆ, ಮೇಲಿನ ತಣ್ಣನೆಯ ನೀರು ಕೆಳಗಿಳಿಯುತ್ತದೆ. ಹೀಗೆ ನಿಧಾನಕ್ಕೆ ತಿರುಗುತ್ತ ನೀರು ಬೇರಿಗೆ ಊಟ ಮುಟ್ಟಿಸುತ್ತದೆ. ಇಲ್ಲದಿದ್ದರೆ ಉಸುಕಿನ ತಳ ಹೊಲಸಾಗಿ ಗಡ್ಡೆ ಕೊಳೆಯುತ್ತದೆ. ಹುಬ್ಬಳ್ಳಿಯ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಫಾರಿನ್ ಪತ್ರಿಕೆಯಲ್ಲಿ ಇದನ್ನೆಲ್ಲ ಚಿತ್ರ ಸಮೇತ ಬರೆದಿದ್ದಾರೆ. ಸಂಜೆ ಸ್ವಿಚ್ ಹಾಕಿ, ಬೆಳಿಗ್ಗೆ ಆರಿಸಿ. ಮೇಲಿನ ಗಾಜಿನ ಮುಚ್ಚಳ ತೆಗೆಯಬೇಡಿ.

ನಿಮ್ಮ
ಫಕ್ರುದ್ದೀನ


ಕುಷ್ಟಗಿ
20-2-1999

ತಮ್ಮಾ ಫಕ್ರುದ್ದೀನ,

ದುಕಾನು ನಡೆದ ಸುದ್ದಿ ಓದಿ ಹೊಟ್ಟೆ ತಂಪಾಯಿತು. ನಿನ್ನ ಮಗಳಿಗೆ ಒಂದು ಸೂಜಿ ಬಾಕಿ ಇದೆ, ಮರೆಯಬೇಡ. ಗಂಗಾವತಿಯಲ್ಲಿ ನನ್ನ ಹಾಗೆ ನೋಯದಂತೆ ಚುಚ್ಚುವವರು ಸಿಗಲಿಕ್ಕಿಲ್ಲ, ಅದು ನಿನ್ನ ದುರ್ದೈವ.

ಆದರೆ ಇಷ್ಟು ದೊಡ್ಡ ಜವಾಬ್ದಾರಿ ಹೊರಿಸುವ ಮುಂಚೆ ನನ್ನ ಕೈಗುಣದ ಬಗ್ಗೆ ಊರಲ್ಲಿ ವಿಚಾರಿಸಬೇಕಿತ್ತು. ಸೂಜಿಗೆ ನನ್ನ ಕೈ ಛಲೋ, ಹೆರಿಗೆಗೆ ಇನ್ನೂ ಛಲೋ. ಗಿಡಕ್ಕೆ ಮಾತ್ರ ಕೆಟ್ಟದ್ದು. ನಾನು ನೆಟ್ಟ ತುಳಸಿ ಮತ್ತೆ ಮತ್ತೆ ಒಣಗಿದೆ. ಅಂಗಳದ ಕರಿಬೇವು ಹಚ್ಚಿದಾಗ ಎಷ್ಟಿತ್ತೋ ಈಗಲೂ ಅಷ್ಟೇ ಇದೆ.

ಇದೆಲ್ಲ ನಗುವ ಮಾತಾಯಿತು. ನಗಲಾರದ್ದೂ ಒಂದಿದೆ. ತಾವರಗೇರಾದ ಹತ್ತಿರ ನಮ್ಮಣ್ಣ ವಿರುಪಣ್ಣನ ಹೊಲ ಇದೆಯಲ್ಲ. ಬಿತ್ತುವ ದಿನ ಕೂರಿಗೆಯ ಬಟ್ಟಲಿಗೆ ಮೊದಲ ಹಿಡಿ ಕಾಳನ್ನು ಮನೆಯ ಮಗಳು ಹಾಕಬೇಕು ಎಂದು ನಮ್ಮ ಮನೆಯ ಪದ್ಧತಿ. ನಮ್ಮವ್ವ ಇರುವತನಕ ಯಾರೂ ಅದನ್ನು ತಪ್ಪಿಸಿರಲಿಲ್ಲ. ಅವ್ವ ತೀರಿಕೊಂಡ ವರ್ಷ ನಾನು ಹಾಕಿದ ಹೆಸರುಕಾಳು ಹುಟ್ಟಲೇ ಇಲ್ಲ. ಮರುವರ್ಷ ಉಡಿಯಲ್ಲಿ ಕಾಳು ಕಟ್ಟಿಕೊಂಡು ಹೊಲದ ಬದುವಿನಲ್ಲಿ ನಿಂತಿದ್ದೆ. ಅತ್ತಿಗೆ ಕರಿಯವ್ವ ಬಂದು ‘ಸಿಟ್ಟಿಗೇಳಬ್ಯಾಡ ಶಾಂತವ್ವಾ, ನಿನ್ನ ಕೈಗೆ ಬೀಜ ಒಗ್ಗಂಗಿಲ್ಲ’ ಎಂದು ಎಲ್ಲರೆದುರೇ ಗಂಟು ಬಿಚ್ಚಿಸಿಕೊಂಡಳು. ಅಣ್ಣ ಎತ್ತಿನ ಹಗ್ಗ ನೋಡುತ್ತ ನಿಂತ. ಆಮೇಲೆ ಬಿತ್ತಿಗೆಗೆ ನನ್ನನ್ನು ಕರೆದೇ ಇಲ್ಲ. ಊರಿನ ಅರ್ಧ ಕೂಸುಗಳನ್ನು ಈ ಕೈಯಲ್ಲಿ ಹಿಡಿದಿದ್ದೇನೆ, ಒಂದು ಹಿಡಿ ಕಾಳಿಗೆ ಈ ಕೈ ಬೇಡವಾಯಿತು. ಅದು ನನ್ನನ್ನು ಕೊರೆಯುತ್ತಲೇ ಇದೆ.

ಮೊನ್ನೆ ನಿನ್ನ ಗಡ್ಡೆ ಹೊಸ ಎಲೆ ಬಿಟ್ಟಿತು. ಅದನ್ನು ನೋಡಿ ಡ್ಯೂಟಿಗೆ ತಡವಾಗಿ ಹೋದೆ. ಒಂದು ಬೇಡಿಕೆ ಇದೆ. ಇದಕ್ಕೆ ಹೂ ಬಂದರೆ ಪೆಟ್ಟಿಗೆಯನ್ನು ನನಗೇ ಬಿಡು. ಆ ಹೂವನ್ನು ನಾನು ಇಬ್ಬರಿಗೆ ತೋರಿಸಬೇಕಾಗಿದೆ.

ನಿನ್ನ ಅಕ್ಕ
ಶಾಂತಾ


ಗಂಗಾವತಿ
8-3-1999

ಅಕ್ಕಾ, ಸಲಾಮು.

ಕಬೂಲ್. ಹೂ ಬಂದರೆ ಪೆಟ್ಟಿಗೆ ನಿಮ್ಮದು, ಬೀಜ ನನ್ನದು.

ಪತ್ರಿಕೆಯನ್ನು ಕಾಲೇಜಿನ ಒಬ್ಬ ಮಾಸ್ತರರಿಂದ ಪೂರಾ ಓದಿಸಿದೆ. ತಂತಿಯನ್ನು ಆರಿಸಲೇಬಾರದಂತೆ, ಹಗಲೂ ರಾತ್ರಿ ಇರಬೇಕಂತೆ. ನಾನು ಇಲ್ಲಿ ಅಂಗಡಿಯ ಪೆಟ್ಟಿಗೆಗೂ ಅಂಥದ್ದೇ ತಂತಿ ಹಾಕಿ ಹಾಗೇ ಬಿಟ್ಟಿದ್ದೇನೆ. ನೀವೂ ಹಾಗೇ ಮಾಡಿ. ಬರೆದವರು ಇದರಲ್ಲೇ ತಲೆ ಹಣ್ಣು ಮಾಡಿಕೊಂಡವರು, ಸುಳ್ಳು ಬರೆಯಲಿಕ್ಕಿಲ್ಲ.

ಫಕ್ರುದ್ದೀನ


ಕುಷ್ಟಗಿ
30-3-1999

ಫಕ್ರುದ್ದೀನ,

ನಿನ್ನ ಫಾರಿನ್ ಪತ್ರಿಕೆಯನ್ನು ಒಲೆಗೆ ಹಾಕು.

ಯುಗಾದಿ ಆದ ಮೇಲೆ ಇಲ್ಲಿ ಬಿಸಿಲು ಹೇಗೆ ಬಿದ್ದಿದೆ ಎಂದು ನಿನಗೆ ಹೇಳಬೇಕಾಗಿಲ್ಲ. ನೀನು ಹೇಳಿದ ಹಾಗೆ ತಂತಿ ಆರಿಸಲಿಲ್ಲ, ಮುಚ್ಚಳ ತೆಗೆಯಲಿಲ್ಲ. ಮೊನ್ನೆ ಹಳ್ಳಿ ಭೇಟಿ ಮುಗಿಸಿ ಬಂದು ನೋಡಿದರೆ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನನ್ನಲ್ಲಿ ಇರುವುದು ಜ್ವರ ನೋಡುವ ಕಡ್ಡಿ. ಅದನ್ನೇ ಝಾಡಿಸಿ ನೀರಿನಲ್ಲಿಟ್ಟೆ. ನೂರಾ ಒಂದು. ಮನುಷ್ಯನಾಗಿದ್ದರೆ ಗುಳಿಗೆ ಕೊಟ್ಟು ಮಲಗಿಸುತ್ತಿದ್ದೆ. ಪೆಟ್ಟಿಗೆಗೆ ಯಾವ ಗುಳಿಗೆ ಕೊಡಲಿ?

ಮೀನು ಹೋದವು. ಗಡ್ಡೆಯ ಎಲೆಗಳು ಬೇಯಿಸಿದ ಮೆಂತೆ ಸೊಪ್ಪಿನ ಹಾಗೆ ಕರಗಿ ಜೋತುಬಿದ್ದಿವೆ. ಸ್ವಿಚ್ ಆರಿಸಿದ್ದೇನೆ, ಆದರೂ ನೀರು ತಣಿಯುತ್ತಿಲ್ಲ.

ಅದೇ ಹೊತ್ತಿಗೆ ಅತ್ತಿಗೆ ಬಿ.ಪಿ. ಗುಳಿಗೆ ಒಯ್ಯಲು ಬಂದಳು. ಗಾಜಿನೊಳಗೆ ಇಣುಕಿ, ‘ಇದನ್ನೂ ನೀನ ಹಚ್ಚೀಯೇನು?’ ಎಂದಳು. ಅಷ್ಟೇ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ಹೋದ ಮೇಲೆ ಅತ್ತುಬಿಟ್ಟೆ. ನನ್ನ ಕೈಯೇ ಕೆಟ್ಟದ್ದೇನೋ ಎಂದು ನನಗೂ ಅನ್ನಿಸತೊಡಗಿದೆ.

ಶಾಂತಾ


ಗಂಗಾವತಿ
5-4-1999

ಶಾಂತಕ್ಕಾ,

ಮಾಫ್ ಮಾಡಿ. ತಪ್ಪು ನನ್ನದು, ನಿಮ್ಮ ಕೈಯದ್ದಲ್ಲ. ಹೀಗೆ ಬರೆದರೆ ನೀವು ನಂಬುವುದಿಲ್ಲ ಎಂದೂ ಗೊತ್ತು.

ಆದರೆ ಇಲ್ಲಿ ನನ್ನ ಪೆಟ್ಟಿಗೆ ತಂತಿ ಇದ್ದೂ ತಡೆದುಕೊಂಡಿದೆ. ಇಲ್ಲಿ ಸುತ್ತ ಭತ್ತದ ಗದ್ದೆ, ಕಾಲುವೆಯ ನೀರು. ಕುಷ್ಟಗಿಯದು ಬೇರೆಯೇ ಬಿಸಿಲು, ಅಲ್ಲಿ ಬೇಸಿಗೆಯಲ್ಲಿ ನೀರಿನ ಗಿಡ ಉಳಿಯಲಾರದು. ಮುಂದಿನ ವಾರ ಗೊಬ್ಬರದ ಟೆಂಪೊ ಕುಷ್ಟಗಿಗೆ ಬರುತ್ತದೆ. ಗಡ್ಡೆಯಲ್ಲಿ ಇನ್ನೂ ಜೀವ ಇದ್ದರೆ ಬಂದು ಒಯ್ಯುತ್ತೇನೆ. ನಿಮಗೂ ತ್ರಾಸು ತಪ್ಪುತ್ತದೆ.

ಫಕ್ರುದ್ದೀನ


ಕುಷ್ಟಗಿ
9-4-1999

ಫಕ್ರುದ್ದೀನ,

ಟೆಂಪೊ ತರಬೇಡ. ಗಡ್ಡೆಯನ್ನು ಒತ್ತಿ ನೋಡಿದೆ, ಗಟ್ಟಿ ಇದೆ. ಉಸಿರಿರುವ ಪೇಶಂಟನ್ನು ನನ್ನ ವಾರ್ಡಿನಿಂದ ಇಲ್ಲಿಯತನಕ ಯಾರೂ ಎತ್ತಿಕೊಂಡು ಹೋಗಿಲ್ಲ. ಕುಷ್ಟಗಿಯಲ್ಲಿ ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ ಎಂದು ಗಂಗಾವತಿಯಲ್ಲಿ ಕೂತು ಹೇಳಬೇಡ.

ಶಾಂತಾ


ಗಂಗಾವತಿ
12-5-1999

ಶಾಂತಕ್ಕನವರಿಗೆ,

ನಿಮ್ಮ ಕಡೆಯಿಂದ ಪತ್ರವಿಲ್ಲ. ಸಿಟ್ಟು ಇಳಿಯಲಿ ಎಂದು ನಾನೂ ಸುಮ್ಮನಿದ್ದೆ. ಈಗ ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ.

ನನ್ನ ಪೆಟ್ಟಿಗೆ ಮುಗಿಯಿತು. ಭತ್ತ ಕೊಯ್ದರು, ಕಾಲುವೆ ಬಂದ್ ಆಯಿತು, ನಮ್ಮ ಬಿಸಿಲೂ ನಿಮ್ಮ ಬಿಸಿಲಿನ ಅಣ್ಣನಾಯಿತು. ಶುಕ್ರವಾರ ನಮಾಜಿಗೆ ಹೋಗಿ ಬರುವುದರೊಳಗೆ ಉಸುಕಿನಿಂದ ಗುಳ್ಳೆ ಏಳುತ್ತಿದ್ದವು. ಮೀನು, ಗಿಡ ಒಂದೂ ಉಳಿಯಲಿಲ್ಲ. ಅಂಗಡಿಗೆ ಬಂದವರು ಮೂಗು ಮುಚ್ಚಿಕೊಂಡು ಹೋದರು. ಪತ್ರಿಕೆಯನ್ನು ಮತ್ತೆ ಓದಿಸಿದೆ. ಅದನ್ನು ಬರೆದವರ ಊರಿನಲ್ಲಿ ಬೇಸಿಗೆಯಲ್ಲೂ ಸ್ವೆಟರ್ ಹಾಕುತ್ತಾರಂತೆ. ಇದನ್ನು ಮೊದಲೇ ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ನಿಮ್ಮ ಗಡ್ಡೆ ಹೇಗಿದೆ? ಹೋಗಿದ್ದರೆ ಹೋಯಿತು ಎಂದೇ ಬರೆಯಿರಿ.

ಫಕ್ರುದ್ದೀನ


ಕುಷ್ಟಗಿ
19-5-1999

ತಮ್ಮಾ ಫಕ್ರುದ್ದೀನ,

ಕೂತುಕೊಂಡು ಓದು. ನಿನ್ನ ಗಡ್ಡೆ ಹೂ ಬಿಟ್ಟಿದೆ.

ನೀರಿನ ಮೇಲೆ ನೆಟ್ಟಗೆ ಎದ್ದ ಕಡ್ಡಿ, ಅದರ ತುದಿಗೆ ಸಜ್ಜೆ ತೆನೆಯ ಹಾಗೆ ಒತ್ತಾಗಿ ಕೂತ ಬಿಳಿ ಹೂ. ಕೆಳಗೆ ಹೊಸ ಎಲೆಗಳು ಗಾಜಿನ ಅಂಚಿನವರೆಗೆ ಹರಡಿವೆ. ನಿನ್ನ ಪೆಟ್ಟಿಗೆ ಸತ್ತ ಸುದ್ದಿಗೆ ನನಗೆ ಕೆಡುಕೆನಿಸಿತು, ಖರೇ ಹೇಳುತ್ತೇನೆ. ಆದರೆ ಈ ಹೂವಿನ ಮುಂದೆ ಕೂತು ಆ ಪತ್ರ ಓದಿದಾಗ ಒಳಗೊಳಗೇ ನಗುವೂ ಬಂತು.

ಹೇಗೆ ಮಾಡಿದೆ ಎಂದು ಬರೆಯುತ್ತೇನೆ. ನಿನಗೆ ಆ ಗಡುಸು ಪತ್ರ ಹಾಕಿದ ಮರುದಿನ ದವಾಖಾನೆಗೆ ಒಬ್ಬ ತಾಯಿ ಜ್ವರದ ಕೂಸನ್ನು ತಂದಳು. ದುಪಟಿಯಲ್ಲಿ ಬಿಗಿಯಾಗಿ ಸುತ್ತಿದ್ದಳು. ‘ಹೊದಿಕಿ ತಗೀಬೇ ಮೊದಲ, ಗಾಳಿ ಆಡಲಿ. ತಲಿಗೆ ಒದ್ದಿ ಬಟ್ಟಿ ಹಾಕು, ಕಾಲು ಬೆಚ್ಚಗಿದ್ರ ಇರಲಿ’ ಎಂದೆ. ದಿನಾ ಹೇಳುವ ಮಾತು. ಹೇಳಿದ ಮೇಲೆ ನನಗೇ ಹೊಳೆಯಿತು. ನನ್ನ ಮನೆಯಲ್ಲೂ ಜ್ವರದ ಪೇಶಂಟಿಗೆ ಗಾಜಿನ ಮುಚ್ಚಳ ಹೊದಿಸಿ, ಕಾಲಿಗೆ ಕರೆಂಟಿನ ಕಾವು ಕೊಟ್ಟವಳು ನಾನೇ ಅಲ್ಲವೇ!

ಮನೆಗೆ ಬಂದು ಮುಚ್ಚಳ ತೆಗೆದು ಹೊರಗಿಟ್ಟೆ. ಗಡ್ಡೆ ಅಲುಗದ ಹಾಗೆ ನಿನ್ನ ತಂತಿಯನ್ನು ಉಸುಕಿನಿಂದ ಎಳೆದು ತೆಗೆದೆ. ಅದನ್ನೇ ಪೆಟ್ಟಿಗೆಯ ಮೇಲೆ ಹಾಯುವಂತೆ ಕಿಟಕಿಯ ಸರಳಿನಿಂದ ಎದುರಿನ ಮೊಳೆಗೆ ಬಿಗಿದು, ನನ್ನ ಹಳೆಯ ನೂಲಿನ ಸೀರೆ ಹರಿದು ಅದರ ಮೇಲೆ ಹರವಿದೆ. ಸೀರೆಯ ಎರಡೂ ತುದಿ ಪೆಟ್ಟಿಗೆಯ ನೀರಿನಲ್ಲಿ. ಸೀರೆ ತಾನೇ ನೀರು ಹೀರಿ ಮೇಲಿನತನಕ ಒದ್ದೆಯಾಯಿತು. ನಮ್ಮ ಕಿಟಕಿಯಿಂದ ಮಧ್ಯಾಹ್ನ ಎಂಥ ಸುಡುಗಾಳಿ ಬೀಸುತ್ತದೆ, ನಿನಗೆ ಗೊತ್ತು. ಅದಕ್ಕೆ ಹೆದರಿ ನಾವು ಬಾಗಿಲು ಹಾಕಿಕೊಂಡು ಕೂಡುತ್ತೇವೆ. ಅದೇ ಗಾಳಿ ಒದ್ದೆ ಸೀರೆಯ ಮೇಲೆ ಬೀಸಿ ಬೀಸಿ ನೀರನ್ನು ತಣ್ಣಗೆ ಮಾಡಿತು. ಗಾಳಿ ಒಣಗಿದಷ್ಟೂ ನೀರು ತಂಪು. ಎಲ್ಲ ಮನೆಯಲ್ಲೂ ಕುಡಿಯುವ ನೀರಿನ ಮಣ್ಣಿನ ಹರವಿಯಲ್ಲಿ ನಡೆಯುವ ಕೆಲಸವೇ ಇದು. ಕುಷ್ಟಗಿಯ ಯಾವ ಬೇಸಿಗೆಯನ್ನು ನೀನು ಬೈದೆಯೋ ಅದರ ಗಾಳಿಯೇ ನನ್ನ ಕೈಹಿಡಿಯಿತು.

ಸಂಜೆ ಜ್ವರದ ಕಡ್ಡಿ ಇಟ್ಟೆ. ಪಾದರಸ ಏಳಲೇ ಇಲ್ಲ. ಆ ಕಡ್ಡಿ ತೊಂಬತ್ತೈದರ ಕೆಳಗೆ ತೋರಿಸುವುದಿಲ್ಲ, ಮತ್ತೆ ಮತ್ತೆ ಝಾಡಿಸಿ ಇಟ್ಟರೂ ಸುಮ್ಮನೇ ಮಲಗಿತ್ತು. ಅಷ್ಟು ಖುಷಿಯಿಂದ ಆ ಕಡ್ಡಿಯನ್ನು ನಾನು ಎಂದೂ ನೋಡಿಲ್ಲ.

ಇನ್ನು ಬೇರಿನ ಮಾತು. ತಂತಿ ಇಲ್ಲದೆ ನೀರು ತಿರುಗುವುದು ಹೇಗೆ ಎಂದು ನೀನು ಕೇಳುತ್ತೀ. ಬಾಣಂತಿಯ ಕೂಸಿಗೆ ನೀರಿನ ಹದ ನೋಡುವ ಹಾಗೆ ಮೊಣಕೈ ಇಳಿಸಿದೆ. ಮೇಲೆ ತಂಪು, ಉಸುಕಿಗೆ ಹತ್ತಿರವಾದಂತೆ ಬೆಚ್ಚಗೆ. ಪೆಟ್ಟಿಗೆ ಕೂತಿರುವುದು ಪಡುವಣ ಗೋಡೆಗೆ ಸೇರಿದ ಕಲ್ಲಿನ ಕಟ್ಟೆಯ ಮೇಲೆ. ಹಗಲೆಲ್ಲ ಬಿಸಿಲು ಕುಡಿದ ಗೋಡೆ ಕಲ್ಲಿಗೆ ಕಾವು ಕೊಡುತ್ತದೆ, ಕಲ್ಲು ಉಸುಕಿಗೆ ಕೊಡುತ್ತದೆ. ಬಾಯಿಹುಣ್ಣಿಗೆ ಹಚ್ಚುವ ನೇರಳೆ ಔಷಧವನ್ನು ಕಸಬರಿಗೆ ಕಡ್ಡಿಯ ತುದಿಗೆ ತಾಕಿಸಿ ಉಸುಕಿನ ಹತ್ತಿರ ಹಿಡಿದೆ. ನೇರಳೆ ಎಳೆಯೊಂದು ಮೆಲ್ಲಗೆ ಮೇಲೆದ್ದು, ಸೀರೆಯ ಹತ್ತಿರ ಬಾಗಿ, ಗಾಜಿನ ಮಗ್ಗುಲಿಗೆ ಕೆಳಗಿಳಿಯಿತು. ನೀನು ಬರೆದದ್ದೆಲ್ಲ ಖರೇ ಇತ್ತು ತಮ್ಮಾ. ಕೆಳಗೆ ಬೆಚ್ಚಗೆ, ಮೇಲೆ ತಂಪು, ಅಷ್ಟೇ ಬೇಕಾದದ್ದು. ಚಳಿ ಊರಿನವರು ಕಾವು ಕೊಂಡು ತರಬೇಕು. ನಮಗೆ ಕಾವನ್ನು ದೇವರು ಪುಕ್ಕಟೆ ಕೊಟ್ಟಿದ್ದಾನೆ, ನಾವು ತಂಪು ಮಾಡಿಕೊಂಡರೆ ಸಾಕು.

ಸೀರೆ ನೀರು ಕುಡಿದದ್ದೂ ಕಡಿಮೆಯಲ್ಲ. ಈ ಬೇಸಿಗೆಯಲ್ಲಿ ಗಾಜಿನ ಪೆಟ್ಟಿಗೆಗೆ ಕೊಡ ಸುರಿಯುತ್ತಾಳೆಂದು ನಳದ ಹತ್ತಿರ ನನ್ನನ್ನು ಆಡಿಕೊಂಡರು. ನನ್ನ ಸ್ನಾನದ ಪಾಲಿನಲ್ಲೇ ಉಳಿಸಿ ಹಾಕಿದೆ. ನಳದ ನೀರಿಗೆ ಬ್ಲೀಚಿಂಗ್ ಪೌಡರು ಹಾಕಿಸುವವಳೂ ನಾನೇ ಆದ್ದರಿಂದ, ಕೊಡದಲ್ಲಿ ತೆರೆದಿಟ್ಟು ವಾಸನೆ ಹೋದ ಮೇಲೆ ಸುರಿದೆ. ಪೆಟ್ಟಿಗೆಯಿಂದ ತೆಗೆದ ಹಳೆ ನೀರನ್ನು ಕರಿಬೇವಿನ ಬುಡಕ್ಕೆ ಹಾಕುತ್ತ ಬಂದೆ. ಆ ಕರಿಬೇವು ಈಗ ಮೈತುಂಬ ಚಿಗುರಿದೆ.

ನಿನ್ನೆ ಅತ್ತಿಗೆ ಗುಳಿಗೆಗೆ ಬಂದಿದ್ದಳು. ಹೂವಿನ ಮುಂದೆ ನಿಂತು ಗಾಜನ್ನು ಸೆರಗಿನಿಂದ ಒರೆಸಿ ನೋಡಿದಳು. ‘ಇದು ಅದನ? ಅವತ್ತ ಕರಗಿ ಹೋಗಿದ್ದು?’ ಎಂದಳು. ‘ಅದನ’ ಎಂದೆ. ಹೋಗುವಾಗ ಅಂಗಳದಲ್ಲಿ ನಿಂತು, ನನ್ನನ್ನು ಕೇಳದೆ, ಒಂದು ಹಿಡಿ ಕರಿಬೇವು ಮುರಿದುಕೊಂಡು ಹೋದಳು.

ಬೀಜ ಕಟ್ಟಿಸುವುದು ಹೇಗೆ, ತಿರುಗಿ ಬರೆ.

ನಿನ್ನ ಅಕ್ಕ
ಶಾಂತಾ


ಗಂಗಾವತಿ
25-5-1999

ಅಕ್ಕಾ,

ನಿಮ್ಮ ಪತ್ರವನ್ನು ದುಕಾನಿನಲ್ಲಿ ಗಿರಾಕಿಗಳ ಮುಂದೆಯೇ ಓದಿದೆ. ಅವರಿಗೆ ತಿಳಿಯಿತೋ ಬಿಟ್ಟಿತೋ, ಎಲ್ಲರಿಗೂ ಚಹಾ ಹೇಳಿದೆ.

ಹೂವಿನ ಕಡ್ಡಿಯನ್ನು ಹತ್ತಿಯಿಂದ ದಿನಾ ಮೆಲ್ಲಗೆ ಸವರಿ, ಕೂಸಿನ ಕೆನ್ನೆ ಸವರಿದಷ್ಟು. ಬೀಜ ಬಲಿತರೆ ತಾವೇ ಉದುರಿ ತೇಲುತ್ತವೆ.

ನಾನೂ ಪೆಟ್ಟಿಗೆ ತೊಳೆದು ಹೊಸ ನೀರು ತುಂಬಿ, ತಂತಿ ಕಿತ್ತು ಧೋತರ ಕಟ್ಟಿದೆ. ಮಳೆಗಿಂತ ಮುಂಚಿನ ಮೋಡ ಬಂದಿದೆ, ಗಾಳಿಯಲ್ಲಿ ಪಸೆ ಇದೆ, ಬಟ್ಟೆ ಬೇಗ ಆರುವುದೇ ಇಲ್ಲ. ಟೇಬಲ್ ಫ್ಯಾನ್ ಹಚ್ಚಿದ ಮೇಲೆ ಸ್ವಲ್ಪ ತಣಿಯಿತು. ನಿಮ್ಮ ಊರಿನ ಒಣಗಾಳಿಗೆ ಹೊಟ್ಟೆಕಿಚ್ಚು ಪಟ್ಟ ಮೊದಲ ಗಂಗಾವತಿಯವನು ನಾನೇ ಇರಬೇಕು. ಪೆಟ್ಟಿಗೆ ನಿಮ್ಮದು. ಒಪ್ಪಿಕೊಂಡದ್ದಕ್ಕೆ ಮಾತ್ರ ಹೇಳುತ್ತಿಲ್ಲ, ನಿಮ್ಮದಾಗಬೇಕಾದದ್ದೇ ಅದು.

ಬಿತ್ತಿಗೆಗೆ ಕರೆದರೆ ತಿಳಿಸಿ. ನಮ್ಮ ಮನೆಯಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದಾರೆ.

ಫಕ್ರುದ್ದೀನ


ಕುಷ್ಟಗಿ
27-6-1999

ತಮ್ಮಾ ಫಕ್ರುದ್ದೀನ,

ಈ ಪತ್ರದ ಜೊತೆ ಗಂಗಾವತಿ ಬಸ್ಸಿನ ಕಂಡಕ್ಟರ್ ಯಮನೂರಪ್ಪನ ಕೈಯಲ್ಲಿ ಇಂಜೆಕ್ಷನ್ನಿನ ಖಾಲಿ ಬಾಟಲಿ ಕೊಟ್ಟಿದ್ದೇನೆ. ಬಿಸಿನೀರಲ್ಲಿ ಕುದಿಸಿ ತೊಳೆದದ್ದು. ಅದರಲ್ಲಿ ಬೀಜ ಇವೆ. ಮದ್ರಾಸಿನಿಂದ ಇನ್ನು ತರಿಸಬೇಕಾಗಿಲ್ಲ, ಕುಷ್ಟಗಿಯಿಂದ ಬಂದವು ಎಂದು ಬೋರ್ಡಿನ ಮೇಲೆ ಬರೆಸು.

ಜೂನಿನ ಮಿರಗ ಮಳೆ ಹದವಾಗಿ ಬಿತ್ತು. ಮರುದಿನ ಅಣ್ಣನೇ ಬಂದ. ನೀರು ಕೊಟ್ಟೆ, ಕುಡಿದ. ಪೆಟ್ಟಿಗೆ ನೋಡಿದ. ಆಮೇಲೆ, ‘ನಾಳೆ ಬಿತ್ತಿಗಿ ಐತಿ. ನಿಮ್ಮತ್ತಿಗಿ ಹೆಸರು ಹಸನ ಮಾಡಿ ಇಟ್ಟಾಳ. ನೀ ಬರಬೇಕಂತ’ ಎಂದ. ಸುಲಭಕ್ಕೆ ಬಿಡುವವಳು ನಾನಲ್ಲ. ‘ನನ್ನ ಕೈ ಕೆಟ್ಟದೈತಲ್ಲಣ್ಣಾ’ ಎಂದೆ. ಅವನು ನೆಲ ನೋಡುತ್ತ, ‘ನೀರಾಗ ಹೂ ಎಬ್ಬಿಸಿದಾಕಿ ಹೊಲದಾಗ ಹೆಸರು ಎಬ್ಬಿಸಾಂಗಿಲ್ಲೇನು? ಅವತ್ತ ನಾ ಮಾತಾಡಬೇಕಿತ್ತು, ಆಡಲಿಲ್ಲ’ ಎಂದ.

ಹೋದೆ. ಹಸಿರು ಬಳೆ ತೊಟ್ಟು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದೆ. ಗಂಟು ಬಿಚ್ಚಿಸಿಕೊಂಡಿದ್ದ ಅದೇ ಬದುವಿನಲ್ಲಿ ಅತ್ತಿಗೆ ನನ್ನ ಉಡಿಗೆ ಕಾಳು ಸುರಿದು, ತಾನೇ ಗಂಟು ಹಾಕಿದಳು. ಮೊದಲ ಹಿಡಿ ಬಟ್ಟಲಿಗೆ ಹಾಕಿದೆ. ಎತ್ತುಗಳು ಹೆಜ್ಜೆ ಎತ್ತಿದವು. ನಮ್ಮವ್ವನ ನೆನಪಾಯಿತು, ಕಣ್ಣು ಒರೆಸಿಕೊಳ್ಳದೆ ಕೂರಿಗೆಯ ಹಿಂದೆ ಸಾಲಿನ ಕೊನೆಯತನಕ ನಡೆದೆ.

ನಿನ್ನೆ ಹೋಗಿ ನೋಡಿದೆ. ಹೆಸರು ಸಾಲು ಹಿಡಿದು ಹುಟ್ಟಿದೆ, ನಡುವೆ ಒಂದು ಬಯಲೂ ಇಲ್ಲ. ಪಕ್ಕದ ಹೊಲದ ಹುಲಗೆಮ್ಮ ತನ್ನ ತೊಗರಿಗೂ ನಾನೇ ಮೊದಲ ಹಿಡಿ ಹಾಕಬೇಕೆಂದು ಗಂಟುಬಿದ್ದಿದ್ದಾಳೆ. ತಾವರಗೇರಾದ ಸಂತೆಯಲ್ಲಿ ಅತ್ತಿಗೆ ಎಲ್ಲರಿಗೂ ‘ನಮ್ಮ ಶಾಂತವ್ವನ ಕೈಗುಣ ನೋಡ್ರಿ’ ಎಂದು ಹೇಳಿಕೊಂಡು ಬಂದಿದ್ದಾಳೆ.

ಅವ್ವ ತೀರಿಕೊಂಡ ವರ್ಷ ಹೆಸರು ಹುಟ್ಟದಿದ್ದದ್ದು ಮಳೆ ಕೈಕೊಟ್ಟದ್ದಕ್ಕೆ, ಈ ವರ್ಷ ಹುಟ್ಟಿದ್ದು ಮಳೆ ಬಂದದ್ದಕ್ಕೆ. ಗಡ್ಡೆ ಉಳಿದದ್ದು ಒದ್ದೆ ಸೀರೆಗೆ, ಬಿಸಿ ಕಲ್ಲಿಗೆ. ಇದರಲ್ಲಿ ಕೈಗುಣ ಏನೂ ಇಲ್ಲವೆಂದು ನನಗೆ ಗೊತ್ತು. ನನ್ನನ್ನು ಬಿಟ್ಟರೆ ನಿನಗೊಬ್ಬನಿಗೆ ಗೊತ್ತು.

ಯಾರಿಗೂ ಹೇಳಬೇಡ. ಇಷ್ಟು ವರ್ಷ ಕೆಟ್ಟ ಕೈಯ ಹೆಸರು ಹೊತ್ತಿದ್ದೇನೆ. ಈಗ ಒಂದಿಷ್ಟು ಕಾಲ ಛಲೋ ಕೈಯ ಹೆಸರನ್ನೂ ಹೊರುತ್ತೇನೆ.

ನಿನ್ನ ಅಕ್ಕ
ಶಾಂತಾ